ಅಟ್ಟದ ಭಾರ ಯಾರ ಮೇಲೆ

ರೈಲು ನಿಲ್ದಾಣದಲ್ಲಿ ಯಾವ ಗಾಡಿ ಯಾವಾಗ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಮೈಕಿನಲ್ಲಿ ಹೇಳುವ ಕೆಲಸ ಅವನದು. ಬೀದಿಯವರೆಲ್ಲ ಅವನನ್ನು ಅನೌನ್ಸರ್ ಎಂದೇ ಕರೆಯುತ್ತಿದ್ದರು. ದನಿ ನಿಜಕ್ಕೂ ಚೆನ್ನಾಗಿತ್ತು, ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಗಾಡಿ ತಡ ಎಂಬ ಸುದ್ದಿಯನ್ನು ತನ್ನ ಬಾಯಿಂದ ಕೇಳಿದರೆ ಪ್ರಯಾಣಿಕರ ಅರ್ಧ ಸಿಟ್ಟು ಅಲ್ಲೇ ಇಳಿದುಹೋಗುತ್ತದೆ ಎಂದು ಆಗಾಗ ಹೇಳಿಕೊಳ್ಳುತ್ತಿದ್ದ. ಪ್ರಯಾಣಿಕರನ್ನು ಯಾರೂ ಕೇಳಿ ನೋಡಿರಲಿಲ್ಲ.

ಮನೆಯಲ್ಲಿ ಆ ದನಿಗೆ ಅಷ್ಟು ಬೆಲೆ ಇರಲಿಲ್ಲ. ಮನೆ ಅತ್ತೆಯದು; ಅವನು ಮದುವೆಯಾಗಿ ಬಂದು ಸೇರಿಕೊಂಡ ಮನೆಯಳಿಯ. ಬೀದಿಗೆ ತೆರೆದುಕೊಂಡಿದ್ದ ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಅಂಗಡಿ. ಅವಳ ಮಿಷನ್ನು ಒಮ್ಮೆ ಓಡತೊಡಗಿದರೆ ಒಳಗೆ ಮೇಜಿನ ಮೇಲಿನ ಲೋಟವೂ ಕುಣಿಯುತ್ತಿತ್ತು. ಹಾಲಿನಲ್ಲಿ ಅತ್ತೆ ಗೆಳತಿಯರೊಂದಿಗೆ ಫೋನಿನಲ್ಲಿ ಹರಟುತ್ತಿದ್ದರು. ಗೆಳತಿ ಎಷ್ಟು ದೂರದ ಊರಿನಲ್ಲಿದ್ದರೆ ದನಿಯನ್ನು ಅಷ್ಟು ಎತ್ತರಿಸಬೇಕು ಎಂಬುದು ಅವರ ನಂಬಿಕೆ.

ಈ ಗದ್ದಲದ ನಡುವೆ ಅನೌನ್ಸರ್‌ಗೆ ಒಂದು ಹೊಸ ಗೀಳು ಹತ್ತಿತು. ಕಣ್ಣು ಕಾಣದವರಿಗಾಗಿ ಕಾದಂಬರಿಗಳನ್ನು ಓದಿ ಧ್ವನಿಮುದ್ರಿಸಿ ಕೊಡಿ ಎಂದು ಒಂದು ಗ್ರಂಥಾಲಯದವರು ಅವನನ್ನು ಕೇಳಿಕೊಂಡಿದ್ದರು. ಅವನಿಗೆ ಹಿಗ್ಗೋ ಹಿಗ್ಗು. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ತಲೆಯ ಮೇಲೆ ಕಂಬಳಿ ಹೊದ್ದು, ಬೆವರು ಸುರಿಸುತ್ತ ಮೊದಲ ಕಾದಂಬರಿಯನ್ನು ಓದಿ ಮುಗಿಸಿ ಕಳಿಸಿದ. ಸ್ವಲ್ಪ ದಿನಗಳಾದ ಮೇಲೆ ಗ್ರಂಥಾಲಯದವರು ಫೋನ್ ಮಾಡಿ ತುಂಬ ಮರ್ಯಾದೆಯಿಂದ ವಿಚಾರಿಸಿದರು. ನಾಯಕಿ ಮನೆ ಬಿಟ್ಟು ಹೋಗುವ ಅಧ್ಯಾಯದಲ್ಲಿ, "ಇವಳಿಗೆ ತಲೆ ನೆಟ್ಟಗಿಲ್ಲ, ಹೋಗ್ಲಿ ಬಿಡು" ಎಂದು ಒಬ್ಬ ಹೆಂಗಸು ಹೇಳುತ್ತಾಳಲ್ಲ, ಆ ಪಾತ್ರ ಪುಸ್ತಕದಲ್ಲಿ ಎಲ್ಲಿ ಹುಡುಕಿದರೂ ಸಿಗುತ್ತಿಲ್ಲ. ಯಾರದು?

ಅದು ಅತ್ತೆ. ಮುಚ್ಚಿದ ಬಾಗಿಲ ಆಚೆ ಕುರ್ಚಿ ಹಾಕಿಕೊಂಡು ಕಥೆ ಕೇಳುತ್ತಿದ್ದರು.

"ನನ್ನಷ್ಟಕ್ಕೆ ನಾನು ಅಂದ್ಕೊಂಡೆ ಅಷ್ಟೆ," ಎಂದರು. "ನಿಮ್ಮ ಮೈಕಿಗೆ ಅಷ್ಟು ಚುರುಕು ಕಿವಿ ಅಂತ ನನಗೇನು ಗೊತ್ತು ಅಳಿಯಂದ್ರೇ?"

ಅವತ್ತು ಊಟಕ್ಕೆ ಕೂತಾಗ ಅನೌನ್ಸರ್ ಗಂಟಲು ಸರಿ ಮಾಡಿಕೊಂಡ. ಗಂಟಲು ಸರಿ ಮಾಡಿಕೊಂಡನೆಂದರೆ ಪ್ರಕಟಣೆ ಬರುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

"ನಾನು ಅಟ್ಟಕ್ಕೆ ಹೋಗ್ತೀನಿ."

"ಏನು ಹುಡುಕಬೇಕಿತ್ತು?" ಎಂದಳು ಹೆಂಡತಿ.

"ಹುಡುಕೋಕಲ್ಲ ಕಣೇ, ಇರೋಕೆ. ಅಟ್ಟಾನ ಕೋಣೆ ಮಾಡಿಸ್ತೀನಿ. ಒಂದು ಮೇಜು, ಒಂದು ಕುರ್ಚಿ, ಗೋಡೆ ತುಂಬ ಪುಸ್ತಕ. ಮೇಲೆ ಒಂದು ಕಿಟಕಿ. ಯಾರ ಸದ್ದೂ ಇಲ್ಲ."

ಅಟ್ಟ ಎಂದರೆ ಇಳಿಜಾರು ಸೂರಿಗೂ ಕೆಳಗಿನ ಕೋಣೆಗಳ ಮರದ ಚಾವಣಿಗೂ ನಡುವಿನ ಕತ್ತಲ ಜಾಗ. ನಟ್ಟನಡುವೆ ಒಬ್ಬ ಮನುಷ್ಯ ನೆಟ್ಟಗೆ ನಿಲ್ಲಬಹುದಿತ್ತು. ಆಚೀಚೆ ಹೋದಂತೆ ಬಗ್ಗಬೇಕು, ಆಮೇಲೆ ತೆವಳಬೇಕು. ಕಾಲು ಮುರಿದ ಕುರ್ಚಿಗಳು, ಸುತ್ತಿಟ್ಟ ಹಾಸಿಗೆ, ತೀರಿಹೋದ ಮಾವನ ಟ್ರಂಕುಗಳು, ಮನೆಯ ಯಾವ ಚೌಕಟ್ಟಿಗೂ ಹೊಂದದ ಒಂದು ಬಾಗಿಲು ಅಲ್ಲಿ ಬಹಳ ಕಾಲದಿಂದ ಸಂಸಾರ ಮಾಡಿಕೊಂಡಿದ್ದವು.

"ಅದು ಭಾರ ತಡೆಯುತ್ತಾ ಅಂತ ಮೊದಲು ಯಾರಿಗಾದ್ರೂ ತೋರಿಸಬೇಕಲ್ವಾ?" ಎಂದಳು ಹೆಂಡತಿ.

"ಯಾರಿಗೋ ಯಾಕೆ? ನಾನೇ ನೋಡ್ತೀನಿ."

ನೋಡುವುದು ಎಂದರೆ ಅವನ ಲೆಕ್ಕದಲ್ಲಿ ಕುಣಿಯುವುದು. ಮರುದಿನ ಬೆಳಿಗ್ಗೆ ಏಣಿ ಹಾಕಿ ಹತ್ತಿ, ಟ್ರಂಕುಗಳ ನಡುವೆ ಜಾಗ ಮಾಡಿಕೊಂಡು, ಎರಡೂ ಕಾಲು ಎತ್ತಿ ಧಡ್ ಎಂದು ಹಾರಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಹಾರಿದ. ಆಮೇಲೆ ಅಟ್ಟದ ಬಾಯಿಂದ ತಲೆ ತೂರಿಸಿ, "ಹೇಗಿದೆ ಕೆಳಗೆ?" ಎಂದು ಕೂಗಿದ.

ಕೆಳಗೆ ಅತ್ತೆ ಕೈಯಲ್ಲಿ ಚಹಾದ ಲೋಟ ಹಿಡಿದು ಚಾವಣಿಯನ್ನೇ ದಿಟ್ಟಿಸುತ್ತ ನಿಂತಿದ್ದರು. "ಚಹಾಕ್ಕೆ ಸಕ್ಕರೆ ಕಮ್ಮಿಯಾಗಿತ್ತು," ಎಂದರು. "ಈಗ ಸುಣ್ಣ ಜಾಸ್ತಿಯಾಗಿದೆ."

ಅನೌನ್ಸರ್‌ಗೆ ಅಷ್ಟೇ ಸಾಕಾಗಿತ್ತು. ಆದರೂ ಹೆಂಡತಿಯ ಸಮಾಧಾನಕ್ಕೆಂದು ಬಡಗಿಯನ್ನು ಕರೆಸಿದ. ಬಡಗಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಡಾಕ್ಟರು ರೋಗಿಯ ಬೆನ್ನು ತಟ್ಟಿ ನೋಡುವಂತೆ ಅಟ್ಟದ ಜಂತೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಕಣ್ಣು ಮುಚ್ಚಿ ಸದ್ದು ಆಲಿಸಿದ. "ಇದರ ಮೇಲೆ ಆನೆ ತಂದು ಕಟ್ಟಿ ಸಾರ್," ಎಂದ. ಜೊತೆಗೆ, ದಿನಾ ನಿಲ್ದಾಣದಲ್ಲಿ ತಾನು ಕೇಳುವ ಆ ಗಂಭೀರವಾದ ದನಿ ಇವರದೇ ಎಂದು ತನಗೆ ಗೊತ್ತೇ ಇರಲಿಲ್ಲ, ಸಿನಿಮಾದಲ್ಲಿರಬೇಕಾದ ದನಿ ಎಂದೂ ಸೇರಿಸಿದ. ಅಟ್ಟ ಕಟ್ಟುವ ಮೊದಲೇ ಬಡಗಿ ಅವನನ್ನು ಅಟ್ಟಕ್ಕೇರಿಸಿಬಿಟ್ಟಿದ್ದ.

ಉಳಿದದ್ದು ಒಂದೇ ತೊಡಕು. ಅಟ್ಟಕ್ಕೆ ಮೆಟ್ಟಿಲು ಎಲ್ಲಿ? ಹಾಲಿಗೂ ಊಟದ ಜಾಗಕ್ಕೂ ನಡುವೆ ಬಿಟ್ಟರೆ ಬೇರೆ ಕಡೆ ಎಲ್ಲಿಟ್ಟರೂ ತಲೆ ಸೂರಿಗೆ ಬಡಿಯುತ್ತಿತ್ತು. ಆ ಜಾಗದಲ್ಲಿ ಅತ್ತೆಯ ಬೀರು ಇತ್ತು.

ಅದು ಕಪ್ಪು ಮರದ, ಚಾವಣಿ ಮುಟ್ಟುವಷ್ಟು ಎತ್ತರದ, ಇಬ್ಬರು ಕೈ ಚಾಚಿದಷ್ಟು ಅಗಲದ ಬೀರು. ಕೆಲವು ವರ್ಷಗಳಿಂದ ಅದರ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಹಿಡಿ ಎಳೆಯುತ್ತ ಮೊಣಕಾಲಿನಿಂದ ಒಂದು ಒದ್ದರೆ ಮಾತ್ರ ಗೊಣಗಿಕೊಂಡು ತೆರೆದುಕೊಳ್ಳುತ್ತಿತ್ತು.

"ವಯಸ್ಸಾಯ್ತು, ಇನ್ನೇನಾಗುತ್ತೆ. ತೆಗೆಸಿಬಿಡೋಣ," ಎಂದ ಅನೌನ್ಸರ್.

"ಯಾರಿಗೆ ವಯಸ್ಸಾಯ್ತು?" ಎಂದರು ಅತ್ತೆ.

"ಬೀರುಗೆ ಅತ್ತೆ."

"ಹಾಗೆ ಬಿಡಿಸಿ ಹೇಳಿ. ನಾನು ಈ ಮನೇಲಿ ಇರೋವರೆಗೂ ಅದೂ ಇರುತ್ತೆ. ಮೆಟ್ಟಿಲು ಬೇಕಾದ್ರೆ ಅಂಗಳದಲ್ಲಿ ಹಾಕಿಸ್ಕೊಳ್ಳಿ."

ಒಂದು ವಾರ ಮಾತು ಹೀಗೇ ಗಿರಗಿಟ್ಟಲೆಯಂತೆ ಸುತ್ತಿತು. ಕೊನೆಗೆ ಅನೌನ್ಸರ್ ಬಾಯಿಗೆ ಬೀಗ ಹಾಕಿಕೊಂಡ. ಅವನು ಸೋತ ಎಂದು ಅತ್ತೆ ಅಂದುಕೊಂಡರು. ಅವನು ಒಳಗೊಳಗೇ ಬೇರೆ ಮಸಲತ್ತು ನಡೆಸಿದ್ದ. ಭಾನುವಾರ ಅತ್ತೆ ಗೆಳತಿಯ ಮನೆಗೆ ಹೋಗುವವರಿದ್ದರು. ಬರುವುದು ಊಟದ ಹೊತ್ತಿಗೆ. ಆ ಬೆಳಿಗ್ಗೆಯೇ ಬರಬೇಕೆಂದು ಬಡಗಿಗೂ, ಸಾಮಾನು ಸಾಗಿಸುವ ಇಬ್ಬರು ಆಳುಗಳಿಗೂ ಹೇಳಿಟ್ಟ. ಬೀರು ಹಿತ್ತಿಲ ಕೋಣೆಗೆ ಹೋಗಿ ನಿಂತುಬಿಟ್ಟರೆ ಅತ್ತೆ ಎಷ್ಟು ಕೂಗಾಡಿದರೂ ಅದೇನು ನಡೆದುಕೊಂಡು ವಾಪಸ್ಸು ಬರುವುದಿಲ್ಲವಲ್ಲ. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತಿತ್ತು.

ಹೆಂಡತಿಯೂ ಅವನಿಗೆ ಒಂದು ವಿಷಯ ಹೇಳಿರಲಿಲ್ಲ. ಅವಳ ಅಂಗಡಿಗೆ ಒಬ್ಬ ಹೆಂಗಸು ಆಗಾಗ ಪ್ಯಾಂಟುಗಳನ್ನು ತರುತ್ತಿದ್ದಳು. ಎಲ್ಲ ಪ್ಯಾಂಟೂ ಮೊಣಕಾಲಿನಲ್ಲೇ ಸವೆದಿರುತ್ತಿದ್ದವು. ಒಂದು ದಿನ ಹೆಂಡತಿ ತಡೆಯಲಾರದೆ ಕೇಳಿಯೇಬಿಟ್ಟಳು: "ಬೇಜಾರು ಮಾಡ್ಕೋಬೇಡಿ, ನೀವು ಏನು ಕೆಲಸ ಮಾಡ್ತೀರಿ?"

"ಕಟ್ಟಡದ ಎಂಜಿನಿಯರು," ಎಂದಳು ಆ ಹೆಂಗಸು. "ಹಳೇ ಮನೆಗಳು ಎಷ್ಟು ಭಾರ ತಡೀತವೆ ಅಂತ ನೋಡೋದು. ಅರ್ಧ ಆಯಸ್ಸು ಜನರ ಅಟ್ಟದಲ್ಲಿ ತೆವಳೋದ್ರಲ್ಲೇ ಹೋಯ್ತು."

ಹೆಂಡತಿ ಕತ್ತರಿ ಕೆಳಗಿಟ್ಟಳು. "ಭಾನುವಾರ ಬಿಡುವಿದೆಯಾ?"

ಹೀಗಾಗಿ ಭಾನುವಾರ ಬೆಳಿಗ್ಗೆ ಆ ಮನೆಯ ಬಾಗಿಲಿಗೆ ಎರಡು ತಂಡಗಳು ಒಟ್ಟಿಗೇ ಬಂದವು. ಒಂದು ಕಡೆ ಬಡಗಿ, ಹಗ್ಗ ಹೆಗಲಿಗೇರಿಸಿದ ಇಬ್ಬರು ಆಳುಗಳು. ಇನ್ನೊಂದು ಕಡೆ ಟಾರ್ಚು, ಟೇಪು, ಮೊಣಕಾಲಿಗೆ ಹೊಸ ತೇಪೆ ಹಾಕಿದ ಪ್ಯಾಂಟಿನ ಎಂಜಿನಿಯರು. ಅನೌನ್ಸರ್ ಹೆಂಡತಿಯ ಮುಖ ನೋಡಿದ. ಹೆಂಡತಿ ಅವನ ಮುಖ ನೋಡಿದಳು. ಇಬ್ಬರಿಗೂ ಸಿಟ್ಟು ಮಾಡಿಕೊಳ್ಳುವ ಹಕ್ಕು ಸಮನಾಗಿ ಇದ್ದುದರಿಂದ ಯಾರೂ ಸಿಟ್ಟು ಮಾಡಿಕೊಳ್ಳಲಿಲ್ಲ.

"ಬೀರು ತೆಗೆಯೋ ಮೊದಲು ನಾನು ಮೇಲೊಂದು ಸಲ ನೋಡಿ ಬರ್ತೀನಿ," ಎಂದಳು ಎಂಜಿನಿಯರು. "ಸ್ವಲ್ಪ ತಾಳಿ."

"ನಾನು ತಟ್ಟಿ ನೋಡಿದೀನಿ ಮೇಡಂ, ಗಟ್ಟಿ ಇದೆ," ಎಂದ ಬಡಗಿ.

"ನಾನು ಹಾರಿ ನೋಡಿದೀನಿ," ಎಂದ ಅನೌನ್ಸರ್.

"ಪಾಪ, ಅಷ್ಟಾದರೂ ತಡ್ಕೊಂಡಿದೆ," ಎನ್ನುತ್ತ ಅವಳು ಏಣಿ ಹತ್ತಿದಳು. ಜಾಗ ತೋರಿಸುವ ನೆಪದಲ್ಲಿ ಅನೌನ್ಸರ್ ಹಿಂದೆಯೇ ಹತ್ತಿದ.

ಮೇಲೆ ಅವಳು ತಟ್ಟಲೂ ಇಲ್ಲ, ಹಾರಲೂ ಇಲ್ಲ. ಮಂಡಿಯೂರಿ ಒಂದೊಂದೇ ಜಂತೆಯ ದಪ್ಪ, ಎತ್ತರ ಅಳೆದಳು. ಚೂಪಾದ ದಬ್ಬಣದಿಂದ ಮರವನ್ನು ಅಲ್ಲಲ್ಲಿ ಚುಚ್ಚಿ, ಹುಳ ತಿಂದಿದೆಯೇ ನೋಡಿದಳು. ಒಂದು ತುದಿಯ ಗೋಡೆಯಿಂದ ಇನ್ನೊಂದು ತುದಿಗೆ ಬಿಗಿಯಾಗಿ ದಾರ ಕಟ್ಟಿ, ನಡುವೆ ಟಾರ್ಚು ಹಿಡಿದಳು. ತುದಿಗಳಲ್ಲಿ ದಾರಕ್ಕೆ ಅಂಟಿಕೊಂಡಿದ್ದ ಜಂತೆ ನಡುವಿನಲ್ಲಿ ದಾರ ಬಿಟ್ಟು ಕೆಳಗಿಳಿದಿತ್ತು. ಒಂದು ಮುಷ್ಟಿ ಸಲೀಸಾಗಿ ತೂರುವಷ್ಟು.

"ಕಂಡಿತಾ?"

"ದಾರ ಮೇಲೆ ಕಟ್ಟಿದ ಹಾಗಿದೆ," ಎಂದ ಅನೌನ್ಸರ್.

ಅವಳು ನಕ್ಕಳು. "ಮರ ಚೆನ್ನಾಗೇ ಇದೆ. ಆದರೆ ಈ ಜಂತೆಗಳನ್ನ ಹಾಕಿದ್ದು ಕೆಳಗಿನ ಚಾವಣಿ ಹಲಗೆಗಳನ್ನ ಹಿಡ್ಕೊಳ್ಳೋಕೆ ಮಾತ್ರ. ಮನುಷ್ಯರು, ಮೇಜು, ಗೋಡೆ ತುಂಬ ಪುಸ್ತಕ ಇವಕ್ಕೆ ಆಗಲ್ಲ. ಪುಸ್ತಕ ಅಂದ್ರೆ ನೀವು ಅಂದ್ಕೊಂಡಷ್ಟು ಹಗುರ ಅಲ್ಲ ಸಾರ್, ಕಲ್ಲಿನ ತೂಕ. ನೀವು ಒಂದು ಕ್ಷಣ ಹಾರಿದ್ರಿ, ಸರಿ. ಕಪಾಟು ಹಗಲೂ ರಾತ್ರಿ ಕೂತೇ ಇರುತ್ತೆ." ಸೂರಿನಿಂದ ಓರೆಯಾಗಿ ಬಂದು ಜಂತೆಗಳ ನಡುಭಾಗಕ್ಕೆ ಊರಿದ್ದ ಮರದ ಆಸರೆಗಳ ಮೇಲೆ ಬೆಳಕು ಹಾಯಿಸಿದಳು. "ಇನ್ನೊಂದು ವಿಷಯ. ಇವು ಸೂರಿನ ಭಾರ ತಂದು ಇಲ್ಲಿ ಇಳಿಸ್ತಿವೆ. ಭಾರ ಗಾಳೀಲಿ ಕರಗಿಹೋಗಲ್ಲ, ನೆಲ ಮುಟ್ಟೋವರೆಗೂ ಯಾರಾದ್ರೂ ಹೊರಲೇಬೇಕು. ಇದರ ಕೆಳಗೆ ಒಂದು ಗೋಡೆ ಇರಲೇಬೇಕಲ್ಲ. ಎಲ್ಲಿ ಅದು?"

ಅನೌನ್ಸರ್ ಬಾಯಿ ತೆರೆಯುವಷ್ಟರಲ್ಲಿ ಕಾಲ ಕೆಳಗೆ ಫಟ್ ಎಂದಿತು. ಅವನು ಸೂರಿನ ತೊಲೆಯನ್ನು ಎರಡೂ ಕೈಯಿಂದ ತಬ್ಬಿಕೊಂಡ.

"ಕೆಳಗೆ ಯಾರು ಏನು ಮುಟ್ಟಿದ್ರಿ?" ಎಂದು ಎಂಜಿನಿಯರು ಕೂಗಿದಳು.

"ಏನಿಲ್ಲ ಮೇಡಂ," ಬಡಗಿಯ ದನಿ ಬಂತು. "ಸುಮ್ನೆ ಯಾಕೆ ನಿಲ್ಲೋದು ಅಂತ ಬೀರು ಕೆಳಗೆ ಸಲಾಕೆ ಕೊಟ್ಟು ಒಂಚೂರು ಎತ್ತಿದ್ವಿ."

"ಸಲಾಕೆ ನಿಧಾನಕ್ಕೆ ಇಳಿಸಿ. ನಿಧಾನ. ಆಮೇಲೆ ತಳ್ಳಬೇಡಿ, ಎಳೀಬೇಡಿ. ಉಸಿರು ಬೇಕಾದ್ರೆ ಆಡಿ."

ಕೆಳಗಿಳಿದು ಬಂದಾಗ ಬಡಗಿಯೂ ಆಳುಗಳೂ ಬೀರುವಿಗೆ ಕೈ ಕೊಟ್ಟುಕೊಂಡು ಬೊಂಬೆಗಳಂತೆ ನಿಂತಿದ್ದರು. ಹೆಂಡತಿ ಬಾಗಿಲ ಬಳಿ ಕೈಯಲ್ಲಿ ಅಳತೆಯ ಟೇಪು ಹಿಡಿದು ಬೆಪ್ಪಾಗಿದ್ದಳು. ಎಂಜಿನಿಯರು ಕುರ್ಚಿ ಹತ್ತಿ, ಬೀರುವಿನ ತಲೆಗೂ ಚಾವಣಿಗೂ ನಡುವೆ ಒಂದು ಹಾಳೆ ತೂರಿಸಲು ನೋಡಿದಳು. ಹಾಳೆ ಮಡಚಿಕೊಂಡಿತೇ ಹೊರತು ಒಳಗೆ ಹೋಗಲಿಲ್ಲ. ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಎಲ್ಲೂ ಸಂದಿಲ್ಲ. ಕುರ್ಚಿಯಿಂದ ಇಳಿದು ನೆಲ ನೋಡಿದಳು. ಬೀರುವಿನ ಎರಡೂ ಪಕ್ಕದಲ್ಲಿ, ಗೋಡೆಯಿಂದ ಗೋಡೆಗೆ, ನೆಲದ ಬಣ್ಣಕ್ಕೆ ಹೊಂದದ ಒಂದು ಸಿಮೆಂಟಿನ ಪಟ್ಟಿ ಕಾಣುತ್ತಿತ್ತು.

"ಇಲ್ಲೊಂದು ಗೋಡೆ ಇತ್ತು," ಎಂದಳು. "ಈಗಿಲ್ಲ. ಜಂತೆಗಳು ನಿಧಾನವಾಗಿ ಬಗ್ಗುತ್ತ ಬಗ್ಗುತ್ತ ಬಂದು ಈ ಬೀರು ತಲೆ ಮೇಲೆ ಕೂತಿವೆ. ಬಾಗಿಲು ತೆರೆಯೋಕೆ ಕಷ್ಟ ಆಗ್ತಿತ್ತಾ?"

"ಒದೀಬೇಕಿತ್ತು," ಎಂದಳು ಹೆಂಡತಿ ಮೆಲ್ಲಗೆ.

"ತಲೆ ಮೇಲೆ ಸೂರು ಹೊತ್ಕೊಂಡಿದ್ರೆ ಯಾರು ತಾನೇ ಬಾಯಿ ಬಿಡ್ತಾರೆ?" ಎಂದು ಎಂಜಿನಿಯರು ಫೋನ್ ತೆಗೆದಳು. ಪಕ್ಕದ ಬೀದಿಯಲ್ಲಿ ಅವಳದೇ ಉಸ್ತುವಾರಿಯಲ್ಲಿ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿಂದ ಕಬ್ಬಿಣದ ಆನಿಕೆ ಕಂಬಗಳನ್ನು ತರಲು ಹೇಳಿದಳು. ಅವು ಬರುವವರೆಗೆ ಯಾರೂ ಬೀರು ಅಲುಗಿಸಬಾರದು. ಅನೌನ್ಸರ್ ಯಾರೂ ಹೇಳದಿದ್ದರೂ ಹೋಗಿ ಬೀರುವಿಗೆ ಹೆಗಲು ಕೊಟ್ಟು ನಿಂತ. ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ. ಆದರೆ ಅವನ ಮುಖ ನೋಡಿ ಎಂಜಿನಿಯರು ಹಾಗೆ ಹೇಳಲಿಲ್ಲ.

ಆಗಲೇ ಅತ್ತೆ ಬಂದರು. ಗೆಳತಿಗೆ ನೆಗಡಿಯಾಗಿತ್ತಂತೆ, ಬೇಗ ಹೊರಟುಬಿಟ್ಟಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಒಳಗೆ ಕಣ್ಣಾಡಿಸಿದರು. ಅಳಿಯ, ಬಡಗಿ, ಗುರುತಿಲ್ಲದ ಇಬ್ಬರು ಗಂಡಸರು, ನಾಲ್ವರೂ ತಮ್ಮ ಬೀರುವಿಗೆ ಮೈ ಆನಿಸಿಕೊಂಡು ಮಿಸುಕದೆ ನಿಂತಿದ್ದಾರೆ.

"ಏನಿದು? ಎಲ್ಲರೂ ಸೇರಿ ನನ್ನ ಬೀರು ಅಪ್ಪಿಕೊಂಡು ನಿಂತಿದೀರಲ್ಲ!"

ಎಂಜಿನಿಯರು ಎಲ್ಲ ವಿವರಿಸಿದಳು. ಅತ್ತೆ ಕೇಳುತ್ತ ಕೇಳುತ್ತ ಹತ್ತಿರದ ಕುರ್ಚಿಗೆ ಕೈ ಹಾಕಿದರು.

"ಅಲ್ಲಿ ಬೇಡ ಅಮ್ಮಾ, ಗೋಡೆ ಕಡೆ ಬಂದು ಕೂತ್ಕೊಳ್ಳಿ."

ಅತ್ತೆ ಗೋಡೆ ಕಡೆ ಬಂದು ಕೂತರು. ಕೂತವರು ಬಹಳ ಹೊತ್ತು ಬೀರುವನ್ನೇ ನೋಡಿದರು. ಮುಖದಲ್ಲಿ ಮೊದಲು ದಿಗಿಲು ಇತ್ತು. ಸ್ವಲ್ಪ ಸ್ವಲ್ಪವಾಗಿ ಅದರ ಜಾಗಕ್ಕೆ ಇನ್ನೇನೋ ಬಂದು ಕೂತಿತು. ಅನೌನ್ಸರ್‌ಗೆ ದಿಗಿಲೇ ವಾಸಿ ಅನ್ನಿಸಿತು.

"ನಾನು ಇರೋವರೆಗೂ ಅದಿರುತ್ತೆ ಅಂದಿದ್ದೆ," ಎಂದರು. "ಅದು ಇರೋವರೆಗೂ ನಾವಿರ್ತೀವಿ ಅನ್ನೋದು ನನಗೂ ಗೊತ್ತಿರಲಿಲ್ಲ ಬಿಡಿ."

ಬಡಗಿಗೆ ತನ್ನ ಮಾನ ಉಳಿಸಿಕೊಳ್ಳುವ ಆತುರ. "ಜಂತೆ ಗಟ್ಟಿ ಅಂತ ನಾನು ಹೇಳಿದ್ದು ಸುಳ್ಳೇನಲ್ಲ. ಅಲ್ಲ, ಯಾವ ದಡ್ಡ ಶಿಖಾಮಣಿ ಇಲ್ಲಿದ್ದ ಗೋಡೆ ಒಡೆದದ್ದು? ಅವನನ್ನ ಹಿಡ್ಕೊಂಡು ಬನ್ನಿ ಮೊದಲು."

ಹೆಂಡತಿ ನೆಲ ನೋಡಿದಳು. ಅನೌನ್ಸರ್ ಬೀರುವಿಗೆ ಆನಿಸಿದ್ದ ಹೆಗಲು ತೆಗೆಯದೆಯೇ ಮೆಲ್ಲಗೆ ತಲೆ ತಗ್ಗಿಸಿದ. ಮದುವೆಯಾದ ಹೊಸದರಲ್ಲಿ ಸುತ್ತಿಗೆ ಹಿಡಿದು ಆ ಗೋಡೆ ಕೆಡವಿದವನು ಅವನೇ. ಆಮೇಲೆ ಎರಡು ದಿನ ಮೈಕೈ ನೋವೆಂದು ಮಲಗಿದ್ದೂ ನೆನಪಿತ್ತು. ಗಂಟಲು ಸರಿ ಮಾಡಿಕೊಂಡ.

"ಆ ದಡ್ಡ ಶಿಖಾಮಣಿ ನಾನೇ," ಎಂದರು ಅತ್ತೆ.

ಎಲ್ಲರೂ ಅವರ ಕಡೆ ತಿರುಗಿದರು.

"ಅಡುಗೆಮನೇಲಿ ನಿಂತ್ರೆ ಬಾಗಿಲಿಗೆ ಯಾರು ಬಂದ್ರು ಅಂತ ನನಗೆ ಕಾಣ್ತಿರಲಿಲ್ಲ. ಗೋಡೆ ಅಡ್ಡ ಬರ್ತಿತ್ತು. ತೆಗೆಸಬೇಕು ಅಂತ ನಮ್ಮ ಯಜಮಾನರಿಗೆ ಹೇಳಿ ಹೇಳಿ ಸಾಕಾಯ್ತು. ಅಷ್ಟರಲ್ಲಿ ಹೊಸ ಅಳಿಯ ಬಂದ್ರು. ಒಂದು ಮಾತು ಅವರ ಕಿವಿಗೆ ಹಾಕಿದೆ, ಅಷ್ಟೆ. ಮಾರನೇ ದಿನವೇ ಸುತ್ತಿಗೆ ತಂದ್ರು. ಬಾಗಿಲು ಕಾಣೋಷ್ಟು ಜಾಗ ಬಿಟ್ಟು ಈ ಬೀರು ಇಲ್ಲಿಡಿಸಿದೆ. ಆಗ ಅತ್ತೆ ಮಾತು ಅಂದ್ರೆ ಹಾಗಿತ್ತು," ಎಂದು ಅಳಿಯನ ಕಡೆ ಒಂದು ನೋಟ ಬಿಸಾಕಿದರು. ಆಮೇಲೆ ಬಡಗಿಯ ಕಡೆ ತಿರುಗಿದರು. "ಅದಿರಲಿ. ಆನೆ ಕಟ್ಟಿ ಅಂದವರು ಯಾರು? ಮೇಡಂ ತಾಳಿ ಅಂದ ಮೇಲೂ ಸಲಾಕೆ ಹಾಕಿದವರು ಯಾರು?"

ಬಡಗಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅದರ ಮೊನೆ ಸರಿಯಿದೆಯೇ ಎಂದು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ.

ಕಂಬಗಳು ಬಂದವು. ಬೀರುವಿನ ಆಚೆ ಈಚೆ ಅವುಗಳನ್ನು ನಿಲ್ಲಿಸಿ, ಅಡ್ಡಕ್ಕೆ ದಪ್ಪ ಹಲಗೆ ಕೊಟ್ಟು, ಚಾವಣಿಗೆ ಮುಟ್ಟುವವರೆಗೆ ತಿರುಪು ತಿರುಗಿಸಿದರು. ಎಂಜಿನಿಯರು ಪ್ರತಿಯೊಂದನ್ನೂ ಕೈಯಿಂದ ಅಲ್ಲಾಡಿಸಿ ನೋಡಿ, ಕೊನೆಗೆ ಅನೌನ್ಸರ್‌ನ ಭುಜ ಮುಟ್ಟಿ, "ಸಾರ್, ಇನ್ನು ನೀವು ಬಿಡಬಹುದು," ಎಂದಳು.

ಅವತ್ತು ಎಲ್ಲರೂ ಹೋದ ಮೇಲೆ ಗಂಡ ಹೆಂಡತಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು.

"ನೀನು ಆ ಮೇಡಂನ ಕರೆಸೋ ಮೊದಲು ನನಗೊಂದು ಮಾತು ಹೇಳಬಹುದಿತ್ತು," ಎಂದ ಅವನು.

"ಹೇಳಿದ್ರೆ ಏನಂತಿದ್ರಿ?"

"ಬೇಡ ಅಂತಿದ್ದೆ."

"ಅದಕ್ಕೇ ಹೇಳಲಿಲ್ಲ."

ಅವನು ಅಂಗಿಗೆ ಅಂಟಿದ್ದ ಸುಣ್ಣ ಕೊಡವಿಕೊಂಡ. "ಅತ್ತೆ ಯಾಕೆ ಹಾಗೆ ಹೇಳಿದ್ರು? ಸುತ್ತಿಗೆ ಹಿಡಿದದ್ದು ನಾನಲ್ವಾ?" ಎಂದ.

"ನಿಮ್ಮನ್ನ ಬಯ್ಯೋ ಕೆಲಸ ಅವರದು. ಹೊರಗಿನವರು ಬಂದು ಬಯ್ದರೆ ಅವರು ಸಹಿಸಲ್ಲ," ಎಂದಳು ಹೆಂಡತಿ.

ಆಮೇಲಿನ ವಾರಗಳಲ್ಲಿ ಮನೆ ಕಬ್ಬಿಣದ ತೋಪಿನಂತಾಯಿತು. ಊಟದ ಮೇಜಿಗೆ ಹೋಗಬೇಕಾದರೆ ಕಂಬಗಳ ನಡುವೆ ಓರೆಯಾಗಿ ನುಸುಳಬೇಕು. ಅತ್ತೆ ಒಂದು ಕಂಬಕ್ಕೆ ಛತ್ರಿ ನೇತುಹಾಕಿದರು, ಇನ್ನೊಂದಕ್ಕೆ ಕನ್ನಡಕದ ಚೀಲ. ಯಾರೇ ಮನೆಗೆ ಬರಲಿ, ಮೊದಲು ಬೀರುವಿನ ಪರಿಚಯ. "ಇವರು ನಮ್ಮ ಮನೆ ಯಜಮಾನರು. ಅಳಿಯಂದ್ರು ಇವರನ್ನ ಹಿತ್ತಿಲಿಗೆ ಕಳಿಸೋರಿದ್ರು." ಅನೌನ್ಸರ್ ಎಲ್ಲವನ್ನೂ ನುಂಗಿಕೊಂಡ. ಒಂದು ದಿನ ನಿಲ್ದಾಣದಲ್ಲಿ, ತಾಂತ್ರಿಕ ಕಾರಣದಿಂದ ಗಾಡಿ ತಡವಾಗಿದೆ ಎನ್ನುವ ಬದಲು ಆಧಾರದ ಕೊರತೆಯಿಂದ ತಡವಾಗಿದೆ ಎಂದುಬಿಟ್ಟನಂತೆ. ಪ್ರಯಾಣಿಕರಲ್ಲಿ ಯಾರೂ ಗಮನಿಸಲಿಲ್ಲ ಎಂಬುದರಿಂದ ಅವನಿಗೆ ಸಮಾಧಾನವೂ ಆಯಿತು, ಸ್ವಲ್ಪ ಬೇಸರವೂ ಆಯಿತು.

ಎಂಜಿನಿಯರು ನಕ್ಷೆ ಹಾಕಿಕೊಂಡು ಬಂದಳು. ಒಡೆದ ಗೋಡೆಯನ್ನು ಮತ್ತೆ ಕಟ್ಟುವುದು ಒಂದು ದಾರಿ. ಅದು ಬೇಡವೆಂದರೆ ಗೋಡೆಯಿದ್ದ ಸಾಲಿನಲ್ಲೇ ಚಾವಣಿಗೆ ಸೇರಿದಂತೆ ಉಕ್ಕಿನ ತೊಲೆ. ಅದರ ಎರಡೂ ತುದಿಗೆ ಪಕ್ಕದ ಗೋಡೆಗಳಲ್ಲಿ ಹುದುಗಿದ ಕಂಬಗಳು. ಅಟ್ಟಕ್ಕೆ ಹಳೆಯ ಜಂತೆಗಳನ್ನು ನಂಬದೆ, ಅವುಗಳ ನಡುನಡುವೆ ಹೊಸ, ದಪ್ಪ ಜಂತೆಗಳು.

"ಗೋಡೆ ಬೇಡ," ಎಂದರು ಅತ್ತೆ ತಟ್ಟನೆ. "ಬಾಗಿಲು ಕಾಣಬೇಕು."

ತೊಲೆಯನ್ನು ತರುವ ಮೊದಲು ಅವಳು ಪಕ್ಕದ ಗೋಡೆಗಳ ಬುಡದಲ್ಲಿ ಗುಂಡಿ ತೋಡಿಸಿ ಅಡಿಪಾಯ ನೋಡಿದಳು. ಇಷ್ಟೆಲ್ಲ ಯಾಕೆ ಎಂದು ಕೇಳಬೇಕೆಂದು ಅನೌನ್ಸರ್‌ನ ನಾಲಿಗೆ ತುದಿಗೆ ಬಂದಿತ್ತು. ಬೀರುವಿನ ಕಡೆ ಒಮ್ಮೆ ನೋಡಿ, ಮಾತನ್ನು ಅಲ್ಲೇ ನುಂಗಿದ. ಬದಲಿಗೆ ತಾನೇ ಬಗ್ಗಿ ಗುಂಡಿಗೆ ಟಾರ್ಚು ಹಿಡಿದ.

ತೊಲೆ ಕೂರಿಸುವ ದಿನ ಅದನ್ನು ಅಂಗಡಿಯ ಕಿಟಕಿಯಿಂದ ಒಳಗೆ ತಂದರು. ಯಾವ ಬಾಗಿಲಲ್ಲೂ ಅದು ತಿರುಗಲಿಲ್ಲ. ಜಾಕಿಗಳನ್ನು ಇಟ್ಟು ಚಾವಣಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೆತ್ತಿದರು. ಪ್ರತಿ ಸಲವೂ ಎಂಜಿನಿಯರು ಕೈ ಎತ್ತಿ ನಿಲ್ಲಿಸಿ, ಕಿವಿಗೊಟ್ಟು, ಮತ್ತೆ ತಲೆಯಾಡಿಸುತ್ತಿದ್ದಳು. ಹಳೆಯ ಮರ ನರಳಿತು. ಎಲ್ಲೋ ಸುಣ್ಣ ಉದುರಿತು. ಅತ್ತೆ ಈ ಸಲ ಚಹಾದ ಲೋಟಕ್ಕೆ ತಟ್ಟೆ ಮುಚ್ಚಿಕೊಂಡು ಹೊರಗೆ ನಿಂತಿದ್ದರು.

ಅದೊಂದು ಗಳಿಗೆಯಲ್ಲಿ, ಯಾರೂ ಮುಟ್ಟದೆಯೇ, ಬೀರುವಿನ ಎರಡೂ ಬಾಗಿಲು ಕಿರ್ ಎಂದು ತಾವಾಗಿಯೇ ತೆರೆದುಕೊಂಡವು. ಒಳಗಿದ್ದ ರವಿಕೆ, ಶಾಲು, ನುಸಿಗುಳಿಗೆಯ ವಾಸನೆ ಎಲ್ಲ ಒಟ್ಟಿಗೆ ಹಾಲಿಗೆ ಬಂದವು.

"ಅಬ್ಬಾ, ನೆಮ್ಮದಿಯಾಗಿ ಉಸಿರು ಬಿಡ್ತು," ಎಂದಳು ಹೆಂಡತಿ.

ಬೀರುವಿನ ಚೌಕಟ್ಟು ಒಂದು ಕಡೆ ವಾಲಿತ್ತು. ಅದನ್ನು ಬಡಗಿಯೇ, ಯಾರೂ ಕೇಳುವ ಮೊದಲೇ, ನೆಟ್ಟಗೆ ಮಾಡಿಕೊಟ್ಟ. ಅದನ್ನೀಗ ಎಲ್ಲಿಡುವುದೆಂದು ಅನೌನ್ಸರ್ ಹೆದರಿ ಹೆದರಿ ಕೇಳಿದ. ಅತ್ತೆ ತುಂಬ ಯೋಚನೆ ಮಾಡಿದವರಂತೆ ನಟಿಸಿ, "ಅಂಗಡೀಲಿ ಬಟ್ಟೆ ಇಡೋಕೆ ಜಾಗ ಸಾಲ್ತಿಲ್ಲ ಅಂತಿದ್ದಳಲ್ಲ ಮಗಳು. ಅಲ್ಲಿರಲಿ," ಎಂದರು. "ಸಾಕು ಮಾರಾಯ, ಒದ್ದೂ ಒದ್ದೂ ನನ್ನ ಮೊಣಕಾಲು ಬಿದ್ದುಹೋಗಿತ್ತು. ನೀವು ಬೇಡ ಅಂತ ಹಟ ಹಿಡಿದಿದ್ರಿ, ಅದಕ್ಕೇ ನನಗೆ ಬೇಕಾಗಿತ್ತು."

ಅಟ್ಟದ ಕೋಣೆ ಮುಗಿಯುವ ಹೊತ್ತಿಗೆ ಗಾಳಿ ತಣ್ಣಗಾಗತೊಡಗಿತ್ತು. ಹೊಸ ಹಲಗೆಯ ನೆಲ, ಇಳಿಜಾರು ಸೂರಿನ ಒಳಗೆ ಬಿಳಿ ಬಣ್ಣ, ಬೀದಿಯ ಕಡೆಗೆ ಒಂದು ಅಗಲವಾದ ಕಿಟಕಿ. ಪುಸ್ತಕದ ಕಪಾಟು ಎಲ್ಲಿ ಇರಬಹುದು, ಎಲ್ಲಿ ಇರಬಾರದು ಎಂದು ಎಂಜಿನಿಯರು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿದಳು. ಅನೌನ್ಸರ್ ಆ ಗೆರೆ ಅಳಿಸಿಹೋಗದಿರಲೆಂದು ಅದರ ಮೇಲೆ ಬಣ್ಣ ಬಳಿದ. ಹೆಂಡತಿ ನಕ್ಕಳು. ಅವನು ನಗಲಿಲ್ಲ.

ಮೊದಲ ಸಂಜೆ ಅವನು ಮೇಜಿನ ಮುಂದೆ ಕೂತು ಪುಸ್ತಕ ತೆರೆದಿದ್ದ. ಮೆಟ್ಟಿಲ ಮೇಲೆ ಸದ್ದಾಯಿತು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು ಅತ್ತೆ ಮೇಲೆ ಬಂದರು. ಅಟ್ಟ ಹೇಗಾಗಿದೆ ಎಂದು ಒಂದು ಸುತ್ತು ನೋಡಿ ಹೋಗಲು ಬಂದವರು ಕಿಟಕಿಯ ಹತ್ತಿರ ಹೋಗಿ ನಿಂತರು. ನಿಂತವರು ನಿಂತೇ ಇದ್ದರು.

"ಅಯ್ಯೋ, ಇಲ್ಲಿಂದ ಇಡೀ ಬೀದಿ ಕಾಣುತ್ತಲ್ಲ!"

ಕಾಣುತ್ತಿತ್ತು. ಹಾಸಿದ ಹಾಗೆ ಮನೆಗಳ ಸೂರುಗಳು, ಅಂಗಡಿಗಳು ಒಂದೊಂದಾಗಿ ದೀಪ ಹಾಕುವುದು, ಔಷಧಿ ಅಂಗಡಿಯವನು ಬಾಗಿಲಲ್ಲಿ ನಿಂತು ಆಕಳಿಸುವುದು, ಮೂಲೆಮನೆಯಾಕೆ ನಾಯಿಯನ್ನು ಗದರುತ್ತ ನಡೆಸಿಕೊಂಡು ಹೋಗುವುದು. ಅನೌನ್ಸರ್ ಒಂದು ಕ್ಷಣ ಪುಸ್ತಕ ನೋಡಿದ, ಒಂದು ಕ್ಷಣ ಅತ್ತೆಯ ಬೆನ್ನು ನೋಡಿದ. ಆಮೇಲೆ ಎದ್ದು ತನ್ನ ಕುರ್ಚಿಯನ್ನೇ ಕಿಟಕಿಯ ಬಳಿ ಎಳೆದು ಹಾಕಿದ.

"ಕೂತ್ಕೊಳ್ಳಿ ಅತ್ತೆ."

"ನೀವು ಓದಬೇಕಲ್ಲ?"

"ನಾಳೆ ಓದಿದ್ರಾಯ್ತು."

ಕೆಳಗೆ ಮಿಷನ್ನು ನಿಂತಿತು. ಹೆಂಡತಿ ಮೇಲೆ ಬಂದು, ಇಬ್ಬರೂ ಎಲ್ಲಿ ಮಾಯವಾದರೆಂದು ನೋಡಿ, ತಾನೂ ಕಿಟಕಿಯ ಹಲಗೆಗೆ ಒರಗಿ ನಿಂತಳು. ಕತ್ತಲಾಗುತ್ತಾ ಬಂತು. ಯಾರೂ ದೀಪ ಹಾಕಲಿಲ್ಲ. ಹಾಕಿದರೆ ಹೊರಗೆ ಕಾಣುವುದಿಲ್ಲ ಎಂದು ಅತ್ತೆ ತಡೆದಿದ್ದರು. ಔಷಧಿ ಅಂಗಡಿಯವನು ಯಾರೊಂದಿಗೋ ಕೈ ಬೀಸಿ ಮಾತಾಡತೊಡಗಿದ. ಅದು ಜಗಳವೋ ಹರಟೆಯೋ ಎಂದು ಮೂವರೂ ಬಹಳ ಹೊತ್ತು ಚರ್ಚಿಸಿದರು.

"ಅಯ್ಯೋ," ಎಂದಳು ಹೆಂಡತಿ ಇದ್ದಕ್ಕಿದ್ದಂತೆ. "ಒಲೆ ಮೇಲೆ ಹಾಲಿಟ್ಟು ಬಂದಿದ್ದೆ."

ಯಾರೂ ಅಲುಗಲಿಲ್ಲ.

"ಯಾರಾದ್ರೂ ಹೋಗಬೇಕಲ್ಲ," ಎಂದರು ಅತ್ತೆ, ಕಿಟಕಿಯಿಂದ ಕಣ್ಣು ಕೀಳದೆ. "ಹೋಗೋರು ಮೆಲ್ಲಗೆ ಇಳೀರಿ ಅಳಿಯಂದ್ರೇ."